ಏಳನೆಯ ಕರಡು

ಮೊದಲ ಕರಡು ಒಂದೇ ಹಾಳೆ.
ಡಾಕ್ಟರ್ ಶರಯೂ ತಾಮ್ಸೆ ಪೆನ್ಸಿಲಿನಲ್ಲಿ ಬರೆದದ್ದು:
ಕಾಳಿ ಅಳಿವೆಯಲ್ಲಿ ಬಳಚು ಕಡಿಮೆಯಾಗುತ್ತಿದೆ.
ಯಾಕೆಂದು ತಿಳಿಯಬೇಕು.
ಒಂದು ದೋಣಿ, ಇಬ್ಬರು ಆಳು, ಮೂರು ವರ್ಷ.

ಇದನ್ನು ದಿಲ್ಲಿಯ ಕಿವಿಗೆ ಮುಟ್ಟಿಸುವುದು ನನ್ನ ಕೆಲಸ.
ಸದಾಶಿವಗಡದ ಗುಡ್ಡದ ಮೇಲೆ, ಖಾಸಗಿ ವಿಶ್ವವಿದ್ಯಾಲಯದ
ಎರಡನೇ ಮಾಳಿಗೆ, ಬಾಗಿಲಿಗೆ ಹಿತ್ತಾಳೆ ಹಲಗೆ:
ಸಂಪರ್ಕ ಶಾಖೆ.
ಲಾಬಿ ಅನ್ನಬಾರದು ಇಲ್ಲಿ.
ಲಾಬಿ ಅಂದರೆ ಕೆಳಗೆ, ಸೋಫಾ ಹಾಕಿದ ಜಾಗ.

ದಿಲ್ಲಿಯ ಸಲಹೆಗಾರ ಖುರಾನಾ ಫೋನಿನಲ್ಲಿ ನಕ್ಕ,
ತಿಂಗಳಿಗಿಷ್ಟು ಎಂದು ನಾವೇ ಸಂಬಳ ಕೊಡುವ ನಗು.
ಮೇಡಂ, ನಿಮ್ಮ ಬಳಚಿಗೆ ಓಟಿಲ್ಲ.

ಎರಡನೆಯದರಲ್ಲಿ ಬಳಚು ಹೋಗಿ ಮೃದ್ವಂಗಿ ಬಂತು,
ಮೂರನೆಯದರಲ್ಲಿ ಮೃದ್ವಂಗಿ ಹೋಗಿ ಜೀವವೈವಿಧ್ಯ,
ನಾಲ್ಕರಲ್ಲಿ ನೀಲಿ ಆರ್ಥಿಕತೆ.
ಐದರಲ್ಲಿ, ನೌಕಾನೆಲೆ ಹತ್ತಿರವೇ ಇದೆಯಲ್ಲ
ಎಂದು ಯಾರೋ ನೆನಪಿಸಿ,
ದೇಶದ ಭದ್ರತೆ.
ಆರನೆಯದು ನೂರಾ ಹನ್ನೆರಡು ಪುಟ:
ಸೋನಾರ್ ಯಂತ್ರಕ್ಕೆ ಆಮದು ಸುಂಕ ಮಾಫಿ, ಒಂದು ಸಭಾಭವನ,
ಮುಖಪುಟಕ್ಕೆ ಸೂರ್ಯಾಸ್ತ.

ಹೇಸಿಗೆಪಟ್ಟೆ ಎಂದು ಬರೆದರೆ ಸುಳ್ಳಾದೀತು.
ನನಗೆ ಈ ಕೆಲಸ ಬರುತ್ತದೆ.
ಮಾಜಾಳಿಯಲ್ಲಿ ಹುಟ್ಟಿದವಳಿಗೆ ಇಳಿತ ಕಲಿಸಬೇಕೇ?
ಭವನಗಳಿಗೂ ಭರತಿ ಇಳಿತ ಉಂಟು.
ಸೋಮವಾರ ನೀರು ಎದೆಮಟ್ಟ.
ಬಜೆಟ್ಟಿಗೆ ಆರು ವಾರ ಇರುವಾಗ ಇಳಿಯತೊಡಗಿ
ಊಟದ ನಂತರ, ಮೂರೂಕಾಲರ ಸುಮಾರಿಗೆ,
ಅಧೀನ ಕಾರ್ಯದರ್ಶಿಯ ಮೇಜಿನಡಿ ಕೆಸರು ಕಾಣುತ್ತದೆ.
ಆಗ ಕಾಲಿಡಬೇಕು. ಅಂಗಾಲಿನಿಂದ ತಡವಬೇಕು.
ಕೈ ಹಾಕಬಾರದು.
ಕೈ ಹಾಕಿದರೆ ಅದಕ್ಕೆ ಬೇರೆಯೇ ಕಲಮು.

ಎಂಟು ಸಲ ಮಂಗಳಾ ಎಕ್ಸ್‌ಪ್ರೆಸ್ಸು.
ಪ್ರತಿ ಸಲ ಎರಡು ಕೇಜಿ ಗೋಡಂಬಿ
(ಲಂಚವಲ್ಲ, ಊರಿನ ಮರ್ಯಾದೆ).
ಒಬ್ಬ ಸಂಸದರ ಆಪ್ತ ಸಹಾಯಕನಿಗೆ ಬರೆದುಕೊಟ್ಟ ಪ್ರಶ್ನೆ
ಸದನಕ್ಕೆ ಹೋಯಿತು, ಚುಕ್ಕೆ ಗುರುತಿಲ್ಲದ್ದು.
ಉತ್ತರಕ್ಕೆ ಮಾಹಿತಿ ಬೇಕೆಂದು
ಸಚಿವಾಲಯ ನಮ್ಮನ್ನೇ ಕೇಳಿತು. ಅದನ್ನೂ ನಾನೇ ಬರೆದೆ.
ಪ್ರಶ್ನೆಗಿಂತ ಉತ್ತರ ಚೆನ್ನಾಗಿತ್ತು.

ಡಿಸೆಂಬರಿನಲ್ಲಿ ತಂಡ ಬಂತು. ಐದು ಜನ, ಆರು ಗಾಡಿ.
ಸಭಾಭವನದ ಥರ್ಮಾಕೋಲ್ ಮಾದರಿಗೆ ತಲೆಯಾಡಿಸಿದರು.
ಊಟಕ್ಕೆ, ಕೋಡಿಬಾಗದ ಶೆವಂತಿ ಹರಿಕಂತ್ರ
ಎರಡು ಇಳಿತ ಬಗ್ಗಿ ಕೆದಕಿ ತಂದದ್ದು:
ಅರ್ಧ ಬುಟ್ಟಿ, ಪೂರ್ತಿ ಬುಟ್ಟಿಯ ಬೆಲೆ.
ಕಾಯಿ ಹಾಕಿ ಸುಕ್ಕೆ.
ಜಂಟಿ ಕಾರ್ಯದರ್ಶಿ ಚಿಪ್ಪು ನೆಕ್ಕಿ, ಇದೇನು, ಅಂದರು.
ಖುಬೆ ಸರ್. ಬಳಚು.
ಇದು ನಿಮ್ಮ ವರದಿಯಲ್ಲಿ ಇದೆಯೋ?
ಡಾಕ್ಟರ್ ಶರಯೂ ನೀರು ಕುಡಿದರು.
ಕುಲಪತಿ ನನ್ನನ್ನು ನೋಡಿದರು.
ಅನುಬಂಧದಲ್ಲಿದೆ, ಅಂದೆ.

ಇರಲಿಲ್ಲ.

ಆ ರಾತ್ರಿಯೇ ಏಳನೆಯ ಕರಡು.
ಅನುಬಂಧ ಹನ್ನೊಂದು, ನಲವತ್ಮೂರನೇ ಸಾಲು,
'ಇತರೆ' ಎಂಬ ತಲೆಯ ಕೆಳಗೆ:
ಬಳಚಿನ ಎಣಿಕೆ. ದೋಣಿ ಒಂದು. ಆಳು ಇಬ್ಬರು.

ಮಂಜೂರಾತಿ ಮೇ ತಿಂಗಳಲ್ಲಿ. ಪೇಡೆ ಹಂಚಿದೆವು.
ಸೋನಾರಿಗೆ ಸುಂಕವಿಲ್ಲ. ಭವನಕ್ಕೆ ಏಸಿ.
ನನಗೆ ಎರಡು ಇನ್‌ಕ್ರಿಮೆಂಟು, ಬೇಡ ಅನ್ನಲಿಲ್ಲ.
ನಲವತ್ಮೂರನೇ ಸಾಲಿನ ಮಗ್ಗುಲಲ್ಲಿ ಹಸಿರು ಶಾಯಿ:
ದೋಣಿ ಸರಿ. ಆಳು ಒಬ್ಬ ಸಾಕು.

ದೋಣಿ ಇಳಿಸಿದ ದಿನ ಶೆವಂತಿ ದಡಕ್ಕೆ ಬಂದಿದ್ದಳು.
ಹಲಗೆ ತಟ್ಟಿ ನೋಡಿದಳು, ಗಟ್ಟಿ ಉಂಟು ಅಂದಳು.
ಅಳತೆಯ ಹಗ್ಗ ಎಷ್ಟುದ್ದ?
ಐವತ್ತು ಮೀಟರು.
ಮತ್ತೆ ಆಚೆ ತುದಿ ಯಾರು ಹಿಡಿಯೋದು?

ಉತ್ತರ ಬರೆಯುವುದರಲ್ಲಿ ನನ್ನ ಕೈ ಪಳಗಿದೆ.
ಆದರೆ ಅವಳು ಬರೆದುಕೊಡು ಅನ್ನಲಿಲ್ಲ,
ಹಗ್ಗ ನೋಡುತ್ತಿದ್ದಳು.
ಚಪ್ಪಲಿ ಕಳಚಿ, ಸೆರಗು ಸಿಕ್ಕಿಸಿ, ಕೆಸರಿಗಿಳಿದೆ.
ರಜೆ ಚೀಟಿ ನಾಳೆ ಕೊಟ್ಟರಾಯಿತು,
ಅರ್ಧ ದಿನದ್ದು.